ಕಡಲಾಚೆಯ ಗೆಳೆಯರು

ಮಕ್ಕಳೇ, ನಿಮಗೊಂದು ಒಗಟು. 1949ನೆಯ ಇಸವಿ. ಜಪಾನ್ ದೇಶದ ರಾಜಧಾನಿ ಟೋಕಿಯೋ ನಗರಕ್ಕೆ ಹಡಗಿನಲ್ಲಿ ಒಬ್ಬಳು ಅತಿಥಿ ಬಂದಿಳಿದಳು. ಅವಳಿಗೆ ಆಗ 15 ವರ್ಷ. ಜಪಾನೀ ಭಾಷೆ ಅವಳಿಗೆ ತಿಳಿಯದು, ಇಂಗ್ಲಿಷೂ ತಿಳಿಯದು. ತಿಳಿಯುತ್ತಿದ್ದುದು ಕನ್ನಡ ಮಾತ್ರ! ಅವಳನ್ನು ನೋಡಿಕೊಳ್ಳಬೇಕಾಗಿದ್ದ ಜಪಾನೀಯರು ಬೇರೆ ದಾರಿಯಿಲ್ಲದೆ ಕೆಲವು ಕನ್ನಡ ಮಾತುಗಳನ್ನು ಕಲಿಯಬೇಕಾಯಿತು. ಹಾಗಾದರೆ ಯಾರಿವಳು?

ಅವಳೊಂದು ಆನೆ. ಹೆಸರು ಇಂದಿರಾ. ಆಗಿನ ಮೈಸೂರು ರಾಜ್ಯದಿಂದ ಹೋದ ಆನೆ. ಮಾವುತರು ಅದನ್ನು ಕನ್ನಡದಲ್ಲಿಯೇ ಪಳಗಿಸಿದ್ದರು. ಕೂರು, ಏಳು, ನಡೆ ಎಂಬುದನ್ನೆಲ್ಲ ಅದು ಕನ್ನಡದಲ್ಲಿ ಹೇಳಿದರೆ ಮಾತ್ರ ಕೇಳುತ್ತಿತ್ತು. ಜೊತೆಯಲ್ಲಿ ಹೋಗಿದ್ದ ಮಾವುತರು ಕೆಲವು ಕಾಲ ಅಲ್ಲಿಯೇ ಉಳಿದು, ಜಪಾನಿನ ಮೃಗಾಲಯದ ಕಾವಲುಗಾರರಿಗೆ ಆ ಮಾತುಗಳನ್ನು ಕಲಿಸಿಕೊಟ್ಟರು. ಕಡಲಾಚೆಯಲ್ಲಿ ನಡೆದ ಆ ಕನ್ನಡ ತರಗತಿಯನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ. ಪಾಠ ತಪ್ಪಿದರೆ ಅಲ್ಲಿ ಗದರುವವರು ಮೇಷ್ಟ್ರಲ್ಲ, ಆನೆ!

ಕರ್ನಾಟಕದ ಕಾಡಿನ ಆನೆ ಜಪಾನಿಗೇಕೆ ಹೋಯಿತು? ಅದನ್ನು ಕರೆಸಿದವರು ರಾಜರಲ್ಲ, ಮಂತ್ರಿಗಳಲ್ಲ. ನಿಮ್ಮಷ್ಟೇ ವಯಸ್ಸಿನ ಮಕ್ಕಳು. ಕರೆಸಿದ್ದು ಕಾಗದ ಬರೆದು.

ಎರಡನೆಯ ಮಹಾಯುದ್ಧದ ಹೆಸರನ್ನು ನೀವು ಕೇಳಿದ್ದೀರಿ. ಆ ಯುದ್ಧದ ಕಾಲದಲ್ಲಿ, 1943ರಲ್ಲಿ, ಟೋಕಿಯೋದ ಉಯೆನೋ ಮೃಗಾಲಯಕ್ಕೆ ಒಂದು ಆಜ್ಞೆ ಬಂದಿತು. ಆಕಾಶದಿಂದ ಬಾಂಬು ಬಿದ್ದು ಬೋನುಗಳು ಮುರಿದರೆ ಹುಲಿ, ಸಿಂಹ, ಆನೆಗಳು ಊರೊಳಗೆ ನುಗ್ಗಬಹುದು; ಆದ್ದರಿಂದ ಅವನ್ನು ಕೊಲ್ಲಬೇಕು ಎಂಬುದೇ ಆ ಆಜ್ಞೆ. ಅಲ್ಲಿದ್ದ ಮೂರು ಆನೆಗಳೂ ಮೇವು ನೀರಿಲ್ಲದೆ ಸತ್ತವು. ಅವಕ್ಕೆ ದಿನವೂ ಉಣಿಸುತ್ತಿದ್ದ ಕಾವಲುಗಾರರು ಅದನ್ನು ನೋಡುತ್ತಾ ನಿಲ್ಲಬೇಕಾಯಿತು.

ಯುದ್ಧ ಮುಗಿಯಿತು. ಟೋಕಿಯೋದ ಮಕ್ಕಳು ಮತ್ತೆ ಮೃಗಾಲಯಕ್ಕೆ ಬಂದರು. ಆನೆಯ ಮನೆ ಬರಿದಾಗಿತ್ತು. ಆಗ ಇಡೀ ಜಪಾನಿನಲ್ಲಿ ಉಳಿದಿದ್ದುದು ಎರಡೇ ಆನೆಗಳು. ಅವು ದೂರದ ನಗೋಯಾ ನಗರದಲ್ಲಿದ್ದವು. ನಿಮ್ಮ ಶಾಲೆಯಲ್ಲಿ ಶಾಲಾ ಸಂಸತ್ತು ಇರುವಂತೆ ಟೋಕಿಯೋದ ಮಕ್ಕಳು ತಮ್ಮದೇ ಒಂದು ಮಕ್ಕಳ ಸಂಸತ್ತನ್ನು ನಡೆಸುತ್ತಿದ್ದರು. ಅಲ್ಲಿ ಅವರು ಮಾತನಾಡಿಕೊಂಡು, ನಗೋಯಾದ ಒಂದು ಆನೆಯನ್ನು ತಮಗೆ ಎರವಲು ಕೊಡುವಂತೆ ಕೇಳಿದರು. ಆದರೆ ಆ ಎರಡು ಆನೆಗಳು ಒಂದನ್ನು ಬಿಟ್ಟು ಇನ್ನೊಂದು ಇರುತ್ತಿರಲಿಲ್ಲ. ಬೇರೆ ಮಾಡಲು ಹೋದರೆ ಗೋಳಿಡುತ್ತಿದ್ದವು. ಹಾಗಾಗಿ ಆನೆ ಮಕ್ಕಳ ಬಳಿಗೆ ಬರಲಿಲ್ಲ. ಮಕ್ಕಳೇ ಆನೆಯ ಬಳಿಗೆ ಹೋಗಲೆಂದು 1949ರಲ್ಲಿ ಬೇರೆ ಬೇರೆ ಊರುಗಳಿಂದ ನಗೋಯಾಕ್ಕೆ ವಿಶೇಷ ರೈಲುಗಳು ಓಡಿದವು. ಅವಕ್ಕೆ ‘ಆನೆ ರೈಲು’ ಎಂದೇ ಹೆಸರು ಬಂದಿತು.

ಟೋಕಿಯೋದ ಮಕ್ಕಳು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಆನೆಗಳು ಎಲ್ಲಿ ಹೆಚ್ಚು? ಭಾರತದಲ್ಲಿ. ಭಾರತದ ಪ್ರಧಾನಿ ಯಾರು? ಜವಾಹರಲಾಲ್ ನೆಹರೂ. ಸರಿ, ನೂರಾರು ಮಕ್ಕಳು ನೆಹರೂ ಅವರಿಗೆ ಕಾಗದ ಬರೆದರು. ನಮಗೊಂದು ಆನೆ ಕೊಡಿ ಎಂಬುದೇ ಎಲ್ಲ ಕಾಗದಗಳ ಸಾರಾಂಶ. ಜಪಾನಿಗೆ ಹೋಗಿದ್ದ ಭಾರತದ ಒಬ್ಬ ವ್ಯಾಪಾರಿ ಆ ಕಾಗದಗಳ ಕಟ್ಟನ್ನು ತಂದು ನೆಹರೂ ಅವರಿಗೆ ತಲುಪಿಸಿದರು.

ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದು ಆಗ ಎರಡೇ ವರ್ಷ. ಪ್ರಧಾನಿಯವರ ಮೇಜಿನ ಮೇಲೆ ರಾಶಿ ಕೆಲಸ. ಆದರೂ ಅವರು ಆ ಕಾಗದಗಳನ್ನು ಬದಿಗಿಡಲಿಲ್ಲ. ಆನೆಯನ್ನು ಹುಡುಕಿಸಿದರು. ಅದಕ್ಕೆ ತಮ್ಮ ಮಗಳ ಹೆಸರನ್ನೇ ಇಟ್ಟರು. ಜೊತೆಗೆ ಜಪಾನಿನ ಮಕ್ಕಳಿಗೆ ಒಂದು ಪತ್ರವನ್ನೂ ಬರೆದರು. ಈ ಆನೆ ತಾವು ಕೊಡುವ ಕೊಡುಗೆಯಲ್ಲ, ಭಾರತದ ಮಕ್ಕಳು ಜಪಾನಿನ ಮಕ್ಕಳಿಗೆ ಕೊಡುವ ಕೊಡುಗೆ ಎಂದು ಅದರಲ್ಲಿ ತಿಳಿಸಿದ್ದರು.

1949ರ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಇಂದಿರಾ ಟೋಕಿಯೋ ತಲುಪಿತು. ಬಂದರಿನಿಂದ ಮೃಗಾಲಯದವರೆಗೆ ರಾತ್ರಿಯ ಹೊತ್ತಿನಲ್ಲಿ ಬೀದಿಯ ಮೇಲೆ ನಡೆದೇ ಹೋಯಿತು. ಅನಂತರ ರೈಲು ಹತ್ತಿ ಬೇರೆ ಊರುಗಳಿಗೂ ಹೋಗಿ ಮಕ್ಕಳಿಗೆ ಮುಖ ತೋರಿಸಿ ಬಂದಿತು. 1957ರಲ್ಲಿ ನೆಹರೂ ಅವರು ಜಪಾನಿಗೆ ಹೋದಾಗ ಮಗಳು ಇಂದಿರಾ ಅವರೂ ಜೊತೆಗಿದ್ದರು. ಇಂದಿರಾ ಎಂಬ ಆನೆಯನ್ನು ಇಂದಿರಾ ಎಂಬ ಮಗಳು ಅಂದು ನೋಡಿದರು.

ಆ ಆನೆ 34 ವರ್ಷ ಅಲ್ಲಿ ಬಾಳಿ 1983ರಲ್ಲಿ ತೀರಿಕೊಂಡಿತು. ಮರುವರ್ಷ ಭಾರತದಿಂದ ಆಶಾ, ದಯಾ ಎಂಬ ಎರಡು ಆನೆಗಳು ಅದೇ ಮೃಗಾಲಯಕ್ಕೆ ಹೋದವು. ಹೀಗೆಯೇ ಕೊಡಗಿನ ಕಾಡಿನಲ್ಲಿ ಹಿಡಿದ ಅಂಬಿಕಾ ಎಂಬ ಆನೆಯೂ 1961ರಲ್ಲಿ ಭಾರತದ ಮಕ್ಕಳ ಕೊಡುಗೆಯಾಗಿ ಅಮೆರಿಕದ ವಾಷಿಂಗ್ಟನ್ ನಗರಕ್ಕೆ ಹೋಗಿ, 2020ರವರೆಗೆ ಬದುಕಿತ್ತು.

ಈ ಕಥೆಯನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗಿ ಎದ್ದು ನಿಂತು, “ಟೀಚರ್, ಇಂದಿರಾನಿಗೆ ತನ್ನ ಕಾಡು ನೆನಪಾಗುತ್ತಿರಲಿಲ್ಲವೇ?” ಎಂದು ಕೇಳಿದಳು. ನಾನು ಸುಮ್ಮನಾದೆ. ನೆನಪಾಗಿರಲೇಬೇಕು. ಆನೆಗಳು ಹಿಂಡಿನಲ್ಲಿ ಬದುಕುವ ಪ್ರಾಣಿಗಳು. ನಗೋಯಾದ ಆನೆಗಳು ಒಂದನ್ನೊಂದು ಬಿಡಲಾರೆವೆಂದು ಗೋಳಿಟ್ಟದ್ದನ್ನು ಆಗಲೇ ಓದಿದಿರಲ್ಲ? ಮಕ್ಕಳ ಆಸೆ ಒಳ್ಳೆಯದೇ, ಕೊಟ್ಟವರ ಮನಸ್ಸೂ ಒಳ್ಳೆಯದೇ. ಆದರೆ ಆನೆಯನ್ನು ಯಾರೂ ಕೇಳಲಿಲ್ಲ. ನನಗಂತೂ ಗೆಳೆತನಕ್ಕೆ ಜೀವವಿರುವ ಕಾಣಿಕೆಗಿಂತ ಜೀವವಿಲ್ಲದ ಕಾಣಿಕೆಯೇ ಮೇಲು ಎನಿಸುತ್ತದೆ.

ಅಂತಹ ಕಾಣಿಕೆಯೂ ಒಂದಿದೆ. ಇಂದಿರಾ ಹೋಗುವುದಕ್ಕೆ 22 ವರ್ಷ ಮೊದಲು, 1927ರಲ್ಲಿ, ಅದೇ ಜಪಾನಿಗೆ 12,739 ಮಂದಿ ಪುಟ್ಟ ಅತಿಥಿಗಳು ಬಂದಿಳಿದಿದ್ದರು. ಅವರೆಲ್ಲ ಗೊಂಬೆಗಳು! ಅಮೆರಿಕದ ಮಕ್ಕಳು ಕಳುಹಿಸಿದ ಗೊಂಬೆಗಳು.

ಆ ಕಾಲದಲ್ಲಿ ಅಮೆರಿಕಕ್ಕೂ ಜಪಾನಿಗೂ ಮನಸ್ತಾಪ ಬೆಳೆಯುತ್ತಿತ್ತು. ಜಪಾನೀಯರು ಬಂದು ನೆಲೆಸದಂತೆ ಅಮೆರಿಕವು 1924ರಲ್ಲಿ ಒಂದು ಕಾನೂನು ಮಾಡಿತು. ಇದರಿಂದ ಜಪಾನೀಯರಿಗೆ ಬಹಳ ನೋವಾಯಿತು. ಜಪಾನಿನಲ್ಲಿ ಅನೇಕ ವರ್ಷ ವಾಸವಾಗಿದ್ದ ಸಿಡ್ನಿ ಗುಲಿಕ್ ಎಂಬ ಅಮೆರಿಕದ ಪಾದ್ರಿ ಇದನ್ನು ಕಂಡು ಮರುಗಿದರು. ದೊಡ್ಡವರು ಕಿವಿಗೊಡದಿದ್ದರೆ ಮಕ್ಕಳಿಂದ ಆರಂಭಿಸೋಣ ಎಂದುಕೊಂಡರು. ಜಪಾನಿನಲ್ಲಿ ಪ್ರತಿವರ್ಷ ಮಾರ್ಚ್ 3ರಂದು ಹುಡುಗಿಯರ ಗೊಂಬೆ ಹಬ್ಬ ನಡೆಯುತ್ತದೆ. ಮೈಸೂರು ಕಡೆ ನವರಾತ್ರಿಯಲ್ಲಿ ಗೊಂಬೆ ಕೂರಿಸುತ್ತಾರಲ್ಲ, ಹಾಗೆಯೇ ಅಲ್ಲಿಯೂ ಮೆಟ್ಟಿಲು ಮೆಟ್ಟಿಲಾಗಿ ಗೊಂಬೆಗಳನ್ನು ಜೋಡಿಸುತ್ತಾರೆ. ಆ ಹಬ್ಬಕ್ಕೆ ಅಮೆರಿಕದ ಮಕ್ಕಳಿಂದ ಗೊಂಬೆಗಳು ಹೋದರೆ ಹೇಗೆ? ಅಮೆರಿಕದ ಊರೂರುಗಳಲ್ಲಿ ಮಕ್ಕಳು ಹಣ ಕೂಡಿಸಿ ಗೊಂಬೆ ಕೊಂಡರು. ಹೆಂಗಸರು ಅವಕ್ಕೆ ಬಟ್ಟೆ ಹೊಲಿದರು. ಪ್ರತಿಯೊಂದು ಗೊಂಬೆಗೂ ಒಂದು ಹೆಸರು, ಒಂದು ಪುಟ್ಟ ಪಾಸ್‌ಪೋರ್ಟ್, ಪ್ರಯಾಣದ ಒಂದು ಟಿಕೆಟ್, ಕೈಯಲ್ಲಿ ಒಂದು ಕಾಗದ.

ಜಪಾನಿನಲ್ಲಿ ಶಿಬುಸಾವಾ ಎಯಿಚಿ ಎಂಬ ಹಿರಿಯರು ಮುಂದೆ ನಿಂತು ಗೊಂಬೆಗಳನ್ನು ಸ್ವಾಗತಿಸಿದರು. 2024ರಿಂದ ಜಪಾನಿನ 10,000 ಯೆನ್ ನೋಟಿನ ಮೇಲೆ ಅವರ ಚಿತ್ರವಿದೆ. ಗೊಂಬೆಗಳನ್ನು ಶಾಲೆ, ಶಿಶುವಿಹಾರಗಳಿಗೆ ಹಂಚಲಾಯಿತು. ನೀಲಿ ಕಣ್ಣಿನ ಗೊಂಬೆಯನ್ನು ಅಲ್ಲಿನ ಮಕ್ಕಳು ಅದುವರೆಗೆ ಕಂಡಿರಲಿಲ್ಲ. ಹಲವು ಗೊಂಬೆಗಳು ಮಲಗಿಸಿದರೆ ಕಣ್ಣು ಮುಚ್ಚುತ್ತಿದ್ದವು, ಎತ್ತಿದರೆ ‘ಮಮ್ಮಾ’ ಎನ್ನುತ್ತಿದ್ದವು.

ಉಡುಗೊರೆ ಪಡೆದವರು ಸುಮ್ಮನಿರಲಾದೀತೇ? ಜಪಾನಿನ ಶಾಲಾ ಮಕ್ಕಳು ತಲಾ ಒಂದು ಸೆನ್ ಕೊಟ್ಟರು. ಒಂದು ಯೆನ್‌ಗೆ ನೂರು ಸೆನ್, ನಮ್ಮ ಪೈಸೆಯ ಹಾಗೆ. ಹನಿ ಹನಿಗೂಡಿದರೆ ಹಳ್ಳ ಎನ್ನುವುದಿಲ್ಲವೇ? ಆ ಹಣದಿಂದ ನಾಡಿನ ಹೆಸರಾಂತ ಕುಶಲಕರ್ಮಿಗಳು 58 ದೊಡ್ಡ ಗೊಂಬೆಗಳನ್ನು ಮಾಡಿದರು. ಒಂದೊಂದೂ ಸುಮಾರು 80 ಸೆಂಟಿಮೀಟರ್ ಎತ್ತರ. ರೇಷ್ಮೆಯ ಉಡುಪು. ಜೊತೆಗೆ ಬೊಂಬೆಯ ಅಳತೆಗೆ ತಕ್ಕ ಪೆಟ್ಟಿಗೆ, ಚಹಾದ ಪಾತ್ರೆಗಳು. ಅದೇ ವರ್ಷ ಅವು ಅಮೆರಿಕಕ್ಕೆ ಹೊರಟವು.

ಮುಂದೆ ಏನಾಯಿತು? 1941ರ ಡಿಸೆಂಬರಿನಲ್ಲಿ ಜಪಾನ್ ಮತ್ತು ಅಮೆರಿಕ ಒಂದರ ಮೇಲೊಂದು ಯುದ್ಧಕ್ಕೆ ನಿಂತವು. ಗೊಂಬೆಗಳು ಯುದ್ಧವನ್ನು ತಡೆಯಲಿಲ್ಲ. ನಿನ್ನೆಯವರೆಗೆ ಅತಿಥಿಗಳಾಗಿದ್ದ ಗೊಂಬೆಗಳು ಈಗ ‘ಶತ್ರು ದೇಶದ ಗೊಂಬೆಗಳು’ ಎನಿಸಿಕೊಂಡವು. ಶಾಲೆಯ ಅಂಗಳದಲ್ಲಿ ಬೆಂಕಿ ಹಾಕಿ ಅವನ್ನು ಸುಟ್ಟರು. ಕೆಲವೆಡೆ ಮಕ್ಕಳ ಕೈಗೆ ಬಿದಿರಿನ ಈಟಿ ಕೊಟ್ಟು ಇರಿಯಲು ಹೇಳಿದರು. ಆಡಿಸಿ ಮಲಗಿಸಿದ ಗೊಂಬೆಯನ್ನು ಇರಿಯುವುದೆಂದರೆ ಆ ಮಕ್ಕಳ ಮನಸ್ಸಿಗೆ ಹೇಗಾಗಿರಬೇಕು!

ಆದರೆ ಎಲ್ಲರೂ ಹಾಗೆ ಮಾಡಲಿಲ್ಲ. ಕೆಲವು ಶಾಲೆಗಳಲ್ಲಿ ಶಿಕ್ಷಕರು ಗೊಂಬೆಯನ್ನು ಸದ್ದಿಲ್ಲದೆ ಎತ್ತಿ ಅಟ್ಟದ ಮೇಲೋ, ಕಪಾಟಿನ ಹಿಂದೋ, ಹಳೆಯ ಸಾಮಾನುಗಳ ನಡುವೆಯೋ ಬಚ್ಚಿಟ್ಟರು. ಗೊತ್ತಾದರೆ ದೇಶದ್ರೋಹಿ ಎನಿಸಿಕೊಳ್ಳುವ ಕಾಲವದು. ಗೊಂಬೆಯೊಂದಕ್ಕಾಗಿ ಅಷ್ಟು ದೊಡ್ಡ ಅಪಾಯವೇ ಎಂದು ನೀವು ಕೇಳಬಹುದು. ನಾನೂ ಒಬ್ಬಳು ಟೀಚರ್ ಆಗಿರುವುದರಿಂದ ಆ ಶಿಕ್ಷಕರ ಬಗ್ಗೆ ಮತ್ತೆ ಮತ್ತೆ ಯೋಚಿಸುತ್ತೇನೆ. ಹಿಂದೆ ಹೂಮಾಲೆ ಹಾಕಿ ಸ್ವಾಗತಿಸಲು ಮಕ್ಕಳಿಗೆ ಕಲಿಸಿದವರು ಅವರೇ ಅಲ್ಲವೇ? ಅದನ್ನೇ ಸುಡು ಎಂದು ಅದೇ ಮಕ್ಕಳಿಗೆ ಹೇಳಲು ಅವರಿಂದ ಆಗಿರಲಿಕ್ಕಿಲ್ಲ. ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ ಶಾಲೆಗಳನ್ನು ಶುಚಿ ಮಾಡುವಾಗ, ರಿಪೇರಿ ಮಾಡುವಾಗ ಅಂತಹ ಗೊಂಬೆಗಳು ಒಂದೊಂದಾಗಿ ಸಿಕ್ಕಿದವು. 12,739ರಲ್ಲಿ ಈಗ ಸುಮಾರು 300 ಉಳಿದಿವೆ. ಸಿಡ್ನಿ ಗುಲಿಕ್ ಅವರ ಮೊಮ್ಮಗ 1980ರ ದಶಕದಲ್ಲಿ ಮತ್ತೆ ಜಪಾನಿನ ಶಾಲೆಗಳಿಗೆ ಹೊಸ ಗೊಂಬೆಗಳನ್ನು ಕಳುಹಿಸತೊಡಗಿದರು.

ಯುದ್ಧಗಳು ಮುಗಿದ ಮೇಲೆ ಗೊಂಬೆಗಳ ಬದಲು ಮಕ್ಕಳೇ ದೇಶದಿಂದ ದೇಶಕ್ಕೆ ಹೋಗುವ ಏರ್ಪಾಡುಗಳು ಬೆಳೆದವು. ಯುದ್ಧದಲ್ಲಿ ಗಾಯಾಳುಗಳನ್ನು ಆಂಬುಲೆನ್ಸಿನಲ್ಲಿ ಸಾಗಿಸುತ್ತಿದ್ದ ಅಮೆರಿಕದ ಸ್ವಯಂಸೇವಕರ ಒಂದು ಸಂಘವಿತ್ತು. ಹೆಸರು ಎ.ಎಫ್.ಎಸ್. ಗಾಯಗೊಂಡವರನ್ನು ಹೊತ್ತು ಹೊತ್ತು ಬೇಸತ್ತ ಅವರು, ಮಕ್ಕಳು ಒಬ್ಬರನ್ನೊಬ್ಬರು ಅರಿಯಲಿ ಎಂದು 1947ರಲ್ಲಿ 10 ದೇಶಗಳ 52 ವಿದ್ಯಾರ್ಥಿಗಳನ್ನು ಅಮೆರಿಕಕ್ಕೆ ಕರೆಸಿದರು. ಹೀಗೆ ಹೋದ ವಿದ್ಯಾರ್ಥಿ ಹೋಟೆಲಿನಲ್ಲಿ ಇರುವುದಿಲ್ಲ. ಆ ಊರಿನ ಒಂದು ಮನೆಯಲ್ಲಿ ಮನೆಮಗನಂತೆ, ಮನೆಮಗಳಂತೆ ಇರುತ್ತಾನೆ, ಇರುತ್ತಾಳೆ. ಅವರು ಉಣ್ಣುವುದನ್ನೇ ಉಣ್ಣಬೇಕು, ಅಲ್ಲಿಯ ಶಾಲೆಗೇ ಹೋಗಬೇಕು. ಇಂತಹ ವಿನಿಮಯ ಈಗ ಅನೇಕ ದೇಶಗಳ ನಡುವೆ ನಡೆಯುತ್ತಿದೆ. ಆದರೆ ವಿಮಾನದ ಟಿಕೆಟಿಗೆ ಬಹಳ ಹಣ ಬೇಕು. ಹಣವಿರುವ ಮನೆಯ ಮಕ್ಕಳೇ ಹೆಚ್ಚಾಗಿ ಹೋಗುತ್ತಾರೆ ಎಂಬುದು ನನಗೆ ಹಿಡಿಸದ ಸಂಗತಿ.

ಹೋಗಲಾಗದವರಿಗೆ ದಾರಿಯಿಲ್ಲವೇ? ಇದೆ. 1988ರಲ್ಲಿ ಅಮೆರಿಕದ ನ್ಯೂಯಾರ್ಕ್ ಮತ್ತು ರಷ್ಯದ ಮಾಸ್ಕೋ ಶಾಲೆಗಳನ್ನು ಕಂಪ್ಯೂಟರಿನ ಮೂಲಕ ಜೋಡಿಸಿದರು. ಆ ಎರಡು ದೇಶಗಳು ಆಗ ಒಂದನ್ನೊಂದು ನಂಬುತ್ತಿರಲಿಲ್ಲ. ಅಲ್ಲಿಂದ ಬೆಳೆದ ‘ಐಅರ್ನ್’ ಎಂಬ ಜಾಲದಲ್ಲಿ ಈಗ ಭಾರತವೂ ಸೇರಿದಂತೆ ಅನೇಕ ದೇಶಗಳ ಶಾಲೆಗಳಿವೆ. ಚಿಕ್ಕ ಮಕ್ಕಳಿಗೆ ಅದರಲ್ಲಿ ಒಂದು ಸೊಗಸಾದ ಯೋಜನೆ ಇದೆ. ಎರಡು ದೇಶಗಳ ಎರಡು ತರಗತಿಗಳು ಒಂದೊಂದು ಕರಡಿ ಗೊಂಬೆಯನ್ನು ಅಂಚೆಯಲ್ಲಿ ಅದಲು ಬದಲು ಮಾಡಿಕೊಳ್ಳುತ್ತವೆ. ಬಂದ ಕರಡಿ ಆ ತರಗತಿಯ ಮಕ್ಕಳ ಜೊತೆ ಶಾಲೆಗೆ, ಮನೆಗೆ, ಪೇಟೆಗೆ ಹೋಗುತ್ತದೆ. ಕಂಡದ್ದನ್ನೆಲ್ಲ ತನ್ನ ಊರಿನ ಮಕ್ಕಳಿಗೆ ದಿನಚರಿಯಾಗಿ ಬರೆದು ಕಳುಹಿಸುತ್ತದೆ. ಕರಡಿಯ ಪರವಾಗಿ ಬರೆಯುವವರು ಯಾರು ಎಂದು ನಾನು ಹೇಳಬೇಕಾಗಿಲ್ಲವಷ್ಟೆ!

ಈಗಂತೂ ಮೊಬೈಲಿನಲ್ಲಿ ಮುಖ ನೋಡಿಕೊಂಡೇ ಮಾತನಾಡಬಹುದು. ಗಲ್ಫ್ ನಾಡುಗಳಲ್ಲಿರುವ ಅಪ್ಪನ ಜೊತೆ, ಮಾವನ ಜೊತೆ ದಿನವೂ ಹಾಗೆ ಮಾತನಾಡುವವರು ನಮ್ಮ ಕಾಸರಗೋಡಿನ ಪ್ರತಿ ತರಗತಿಯಲ್ಲಿಯೂ ಇದ್ದಾರೆ. ಆದರೆ ದೂರದ ಶಾಲೆಯೊಂದಿಗೆ ಮಾತನಾಡುವಾಗ ಗಡಿಯಾರವನ್ನು ಮರೆಯಬಾರದು. ನಮ್ಮಲ್ಲಿ ಬೆಳಿಗ್ಗೆ 10 ಗಂಟೆಯಾದಾಗ ಜಪಾನಿನಲ್ಲಿ ಮಧ್ಯಾಹ್ನ ಒಂದೂವರೆ. ಇನ್ನೊಂದು ಮಾತು. ಗುರುತಿಲ್ಲದವರು ಮೊಬೈಲಿನಲ್ಲಿ ಗೆಳೆತನ ಬೇಡಿದರೆ ನಿಮ್ಮ ವಿಳಾಸ, ಫೋಟೋ ಕೊಡಬೇಡಿ. ಇಂತಹ ಕೆಲಸ ಶಾಲೆಯ ಮೂಲಕ, ಶಿಕ್ಷಕರ ಜೊತೆಯಲ್ಲಿ ಆಗಬೇಕು.

ನಮ್ಮ ಶಾಲೆಯ ಮಕ್ಕಳೂ ಒಮ್ಮೆ ಹೀಗೆ ಪ್ರಯತ್ನಿಸಿದರು. ನಮ್ಮಲ್ಲಿ ಕಲಿತ ಒಬ್ಬ ವಿದ್ಯಾರ್ಥಿನಿ ಜಪಾನಿನಲ್ಲಿ ಉದ್ಯೋಗದಲ್ಲಿದ್ದಾಳೆ. ತನ್ನ ಮನೆಯ ಹತ್ತಿರದ ಶಾಲೆಗೆ ತಲುಪಿಸುತ್ತೇನೆ, ಚಿತ್ರ ಮತ್ತು ಕಾಗದ ಕಳುಹಿಸಿ ಎಂದು ಅವಳು ತಿಳಿಸಿದಳು. ಆರನೆಯ ತರಗತಿಯ ಮಕ್ಕಳು ಎರಡು ವಾರ ಕುಳಿತು ಬರೆದರು. ಒಬ್ಬ ಬೇಕಲ ಕೋಟೆ ಬಿಡಿಸಿದ. ಒಬ್ಬಳು ಯಕ್ಷಗಾನದ ಕಿರೀಟ ಬಿಡಿಸಿದಳು. ಒಬ್ಬ ಹುಡುಗ ಮಾತ್ರ ಏನೂ ಹೊಳೆಯದೆ, ತಮ್ಮ ತೋಟದ ಸುರಂಗವನ್ನು ಬಿಡಿಸಿಟ್ಟ. ಗುಡ್ಡದಲ್ಲಿ ಒಂದು ಕಪ್ಪು ತೂತು, ಅದರಿಂದ ಬರುವ ನೀರು, ಅಷ್ಟೇ. “ಇದನ್ನೇನು ಕಳುಹಿಸುವುದು ಟೀಚರ್, ನಾಚಿಕೆಯಾಗುತ್ತದೆ” ಎಂದ. ಇರಲಿ ಎಂದು ಸೇರಿಸಿದೆ.

ಮೂರು ತಿಂಗಳ ಮೇಲೆ ಉತ್ತರ ಬಂದಿತು. ಅಲ್ಲಿ ಮಕ್ಕಳೇ ತರಗತಿ ಗುಡಿಸಿ ಒರೆಸುತ್ತಾರಂತೆ, ಮಧ್ಯಾಹ್ನದ ಊಟವನ್ನು ಸರದಿಯಂತೆ ತಾವೇ ಬಡಿಸುತ್ತಾರಂತೆ. ಕೋಟೆ ಚೆನ್ನಾಗಿದೆ, ಕಿರೀಟ ಚೆನ್ನಾಗಿದೆ ಎಂದು ಬರೆದಿದ್ದರು. ಆದರೆ ಪ್ರಶ್ನೆಗಳೆಲ್ಲ ಸುರಂಗದ ಮೇಲೆಯೇ! ಬಾವಿ ಎಂದರೆ ಕೆಳಕ್ಕೆ ಅಗೆಯುವುದಲ್ಲವೇ? ಅಡ್ಡಲಾಗಿ ಅಗೆದರೆ ನೀರು ಬರುವುದು ಹೇಗೆ? ಒಳಗೆ ಎಷ್ಟು ದೂರ ಇದೆ? ಕತ್ತಲೆಯಲ್ಲಿ ಅಗೆದವರಿಗೆ ಉಸಿರಾಡಲು ಗಾಳಿ ಎಲ್ಲಿಂದ?

ತರಗತಿಯಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ಹುಟ್ಟಿದಂದಿನಿಂದ ಆ ನೀರನ್ನೇ ಕುಡಿದವಳು ನಾನು.

ಒಂದು ಶನಿವಾರ ಎಲ್ಲರೂ ಕೂಡಿ, ಯೌವನದಲ್ಲಿ ಸುರಂಗ ತೋಡುತ್ತಿದ್ದ ಒಬ್ಬ ಅಜ್ಜನ ಮನೆಗೆ ಹೋದೆವು. “ಅಜ್ಜಾ, ಜಪಾನಿನ ಮಕ್ಕಳು ನಿಮ್ಮಲ್ಲಿ ಕೇಳಿದ್ದಾರೆ” ಎಂದಾಗ ಅವರು ಮೊದಲು ನಂಬಲಿಲ್ಲ. ಆಮೇಲೆ ತುಳುವಿನಲ್ಲಿ ಹೇಳತೊಡಗಿದರು. ಮಕ್ಕಳು ಕನ್ನಡದಲ್ಲಿ ಬರೆದುಕೊಂಡರು. ಮಳೆಗಾಲದಲ್ಲಿ ಗುಡ್ಡ ನೀರನ್ನು ಹೀರಿಕೊಳ್ಳುತ್ತದೆ. ಆ ನೀರು ಮುರಕಲ್ಲಿನೊಳಗೆ ಮೆಲ್ಲಮೆಲ್ಲನೆ ಇಳಿಯುತ್ತದೆ. ಸುರಂಗ ಅದನ್ನು ದಾರಿಯಲ್ಲಿ ಹಿಡಿದು ಹೊರಗೆ ತರುತ್ತದೆ. ನೆಲ ಹೊರಮುಖವಾಗಿ ಸ್ವಲ್ಪ ಇಳಿಜಾರಾಗಿರುವುದರಿಂದ ಪಂಪು ಬೇಡ, ಕರೆಂಟು ಬೇಡ. ಒಬ್ಬ ಬಗ್ಗಿ ನಡೆಯುವಷ್ಟೇ ಅಗಲ. ಪಿಕ್ಕಾಸಿನಲ್ಲಿ ಒಬ್ಬ ಅಗೆಯುತ್ತಾನೆ, ಇನ್ನೊಬ್ಬ ಮಣ್ಣನ್ನು ಹೊರಗೆ ಸಾಗಿಸುತ್ತಾನೆ. ಮೇಣದ ಬತ್ತಿ ಹಚ್ಚಿಕೊಂಡು ಹೋಗುವುದು ಬೆಳಕಿಗಾಗಿ ಮಾತ್ರವಲ್ಲ. ಬತ್ತಿ ಮಂಕಾದರೆ ಒಳಗೆ ಗಾಳಿ ಸಾಲದು ಎಂದು ಅರ್ಥ, ಕೂಡಲೇ ಹೊರಗೆ ಬರಬೇಕು.

“ಎಷ್ಟು ದಿನ ಬೇಕು ಅಜ್ಜಾ?” ಎಂದು ಆ ಹುಡುಗ ಕೇಳಿದ.

“ನೀರು ಸಿಗುವವರೆಗೆ” ಎಂದರು ಅಜ್ಜ.

ಅವನು ಮನೆಗೆ ಹೋಗಿ ತನ್ನ ಅಪ್ಪನ ಜೊತೆ ಸುರಂಗದ ಉದ್ದವನ್ನು ಹಗ್ಗ ಹಿಡಿದು ಅಳೆದ. ಇದನ್ನು ತನ್ನ ಮುತ್ತಜ್ಜ ಅಗೆಸಿದ್ದು ಎಂಬುದು ಅವನಿಗೆ ಅಂದೇ ತಿಳಿದದ್ದು. ಈ ಸಲ ಅವನು ಬಿಡಿಸಿದ ಚಿತ್ರ ಎರಡು ಹಾಳೆಗಳನ್ನು ಅಂಟಿಸಿದಷ್ಟು ಉದ್ದವಾಗಿತ್ತು. ಗುಡ್ಡದ ಮೇಲೆ ಬೀಳುವ ಮಳೆ, ಒಳಗೆ ಮೇಣದ ಬತ್ತಿ ಹಿಡಿದ ಅಜ್ಜ, ಹೊರಗೆ ಅಡಿಕೆ ಮರದ ದಂಬೆಯಲ್ಲಿ ಹರಿಯುವ ನೀರು. ಕೆಳಗೆ ಅವನದೂ ಒಂದು ಪ್ರಶ್ನೆ ಇತ್ತು: ನೀವು ಕುಡಿಯುವ ನೀರು ಎಲ್ಲಿಂದ ಬರುತ್ತದೆ?

ಲಕೋಟೆಯ ಮೇಲೆ ಅಂಚೆ ಚೀಟಿಗಳನ್ನು ಅವನೇ ಅಂಟಿಸಿದ.